ಎಡಗೈ ಹಾಕಿದ ಗಾಳಿ

"ಹಾಡು ಆಮೇಲೆ ಮಾಮಾ. ಮೊದಲು ಅದು ಸುಮ್ಮನಿದ್ದಾಗ ಎಂತ ಹೇಳ್ತದೆ ಕೇಳಿ," ಎಂದಳು ನಿಶಾ.

ನಾನು ಮೊಣಕಾಲೂರಿ ಸ್ಪೀಕರಿಗೆ ಕಿವಿ ಹಚ್ಚಿದೆ. ಕಾರವಾರದ ಪೇಟೆಯಲ್ಲಿ, ಗಾಜಿನ ಬಾಗಿಲಿನ ಅಂಗಡಿಯೊಳಗೆ, ರಿಟೈರ್ ಆದ ಮನುಷ್ಯ ಕರಿ ಪೆಟ್ಟಿಗೆಯೊಂದರ ಮುಂದೆ ಹೀಗೆ ಕೂತದ್ದನ್ನು ಕಂಡವರು ಏನಂದುಕೊಂಡರೋ ದೇವರೇ ಬಲ್ಲ.

"ಸುಂಯ್ ಅಂತದೆ," ಎಂದೆ.

"ಎಷ್ಟು?"

"ಕುಕ್ಕರು ಸೀಟಿ ಹೊಡೆಯೋ ಮುಂಚೆ ಅಂತದಲ್ಲ, ಅಷ್ಟು."

"ಹಾಗಾದ್ರೆ ನಿಮಗೆ ಇದು ಬೇಡ. ಭಜನೆ ನಡುವೆ ಎಲ್ಲರೂ ಉಸಿರು ತಗೊಳ್ಳೋ ಹೊತ್ತಿಗೆ ಇದೊಂದೇ ಮಾತಾಡ್ತಾ ಇರ್ತದೆ."

ಪಟ್ಟನೆ ಸ್ವಿಚ್ಚು ಆರಿಸಿ ಪಕ್ಕದ ಪೆಟ್ಟಿಗೆಗೆ ತಂತಿ ಚುಚ್ಚಿದಳು. ಅಂಗಡಿಯವಳೇ ತನ್ನ ಸರಕನ್ನು ಬೇಡ ಅನ್ನುವುದನ್ನು ನಾನು ಈ ಜನ್ಮದಲ್ಲಿ ಕಂಡದ್ದು ಅದೇ ಮೊದಲು. ಪವರ್ಡ್ ಸ್ಪೀಕರು ಅಂದರೆ ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡದ್ದು, ಕರೆಂಟು ಕೊಟ್ಟು ಕೀಬೋರ್ಡಿನ ತಂತಿ ಚುಚ್ಚಿದರೆ ಮುಗಿಯಿತು ಅಂತ ಒಂದೇ ಮಾತಿನಲ್ಲಿ ತಿಳಿಸಿದ್ದಳು. ಆ ಹುಡುಗಿಯ ಮೇಲೆ ನನಗೆ ಬಂದ ಅರ್ಧ ಗಂಟೆಯಲ್ಲೇ ಅಭಿಮಾನ ಹುಟ್ಟಿಬಿಟ್ಟಿತ್ತು.

ನನ್ನ ಹೆಂಡತಿ ದಮಯಂತಿ ಬಾಗಿಲ ಹತ್ತಿರ ಸ್ಟೂಲಿನ ಮೇಲೆ, ತೊಡೆಯಲ್ಲಿ ಚೀಲ ಇಟ್ಟುಕೊಂಡು, ಗಂಡನ ಹುಚ್ಚಾಟ ಯಾವಾಗ ಮುಗಿಯುತ್ತದೋ ಎಂಬ ಮುಖ ಮಾಡಿ ಕೂತಿದ್ದಳು. ಆ ಮುಖವನ್ನು ನಂಬಬೇಡಿ. ಪೊಲೀಸು ಇಲಾಖೆಯಲ್ಲಿ ಇದ್ದಷ್ಟು ದಿನ ಅದೇ ಮುಖ ಹೊತ್ತು ಎಂತೆಂಥ ಕಳ್ಳರನ್ನು ಹಿಡಿದವಳು ಅವಳು. ನಾವು ಬಂದದ್ದು ಕೊಳ್ಳಲಿಕ್ಕಲ್ಲ. ಕೊಳ್ಳುವವರ ವೇಷ ನನ್ನದು, ನೋಡುವ ಕೆಲಸ ಅವಳದು. ವೇಷಕ್ಕೆ ನನಗೇನೂ ಕಷ್ಟವಾಗಲಿಲ್ಲ ಬಿಡಿ. ಬಿಣಗಾದಲ್ಲಿ ಕಾರ್ಖಾನೆಯ ಡ್ಯೂಟಿ ಮಾಡುತ್ತಿದ್ದ ಕಾಲದಿಂದಲೂ ಒಂದು ಕೀಬೋರ್ಡು ತಗೊಳ್ಳಬೇಕೆಂಬ ಆಸೆ ನನ್ನ ಹೊಟ್ಟೆಯಲ್ಲಿ ಕೂತಿದೆ.

ಇದಕ್ಕೆಲ್ಲ ಕಾರಣ, ಹಿಲ್ಲೂರಿನ ನಾಗಮ್ಮ ನಮ್ಮ ಮನೆಯ ಜಗುಲಿಯಲ್ಲಿ ಬಂದು ಕೂತು ಅತ್ತದ್ದು. ಅವಳ ಮಗ ಬೀರಾ ಅಂಕೋಲೆಯ ನಿತೇಶನ ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುವವನು. ನಿತೇಶನ ಕೋಣೆಯಿಂದ ಒಂದು ಅರೇಂಜರ್ ಕೀಬೋರ್ಡು, ಒಂದು ಜೊತೆ ಪವರ್ಡ್ ಸ್ಪೀಕರು ಮಾಯವಾಗಿದ್ದವು. ಎಲ್ಲ ಒಂದೇ ಸಂಜೆ ಹೋದವು, ಬೀಗದ ಕೈ ಇದ್ದದ್ದು ಬೀರಾನ ಹತ್ತಿರ ಅಂತ ನಿತೇಶನ ದೂರು. ಹುಡುಗನೋ ಠಾಣೆಯಲ್ಲಿ ತುಟಿ ಬಿಚ್ಚುತ್ತಿಲ್ಲ. ದಮಯಂತಿ ಹೋಗಿ ಕೇಳಿದರೂ ನೆಲ ನೋಡಿದ, ಅಷ್ಟೇ.

ಅವಳ ಮೇಲಿನ ಗೌರವಕ್ಕೆ ಠಾಣೆಯವರು ಇವತ್ತು ಸಂಜೆಯವರೆಗೆ ಕಾಯುತ್ತೇವೆ ಅಂದಿದ್ದರು. ಆಮೇಲೆ ಕೇಸು. ಕೇಸು ಬಿದ್ದರೆ ಅಮದಳ್ಳಿ ಕಡೆಯ ನೌಕಾನೆಲೆಯಲ್ಲಿ ಬೀರಾನಿಗೆ ಸಿಕ್ಕಿದ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಗೇಟಿನ ಪಾಸು ಸಿಗುವುದಿಲ್ಲ. ಕಳ್ಳತನದ ಹೆಸರು ಬಂದವನನ್ನು ಆ ಗೇಟಿನೊಳಗೆ ಯಾರು ಬಿಡುತ್ತಾರೆ? ಹುಡುಗನ ಬಾಳು ಇವತ್ತಿನ ಸಂಜೆಯ ಮೇಲೆ ನಿಂತಿತ್ತು.

ಈ ಅಂಗಡಿಗೆ ದಾರಿ ತೋರಿಸಿದ್ದು ನಾನೇ. ಯಾರಾದರೂ ಹಳೇ ವಾದ್ಯ ತಂದುಕೊಟ್ಟರೆ ಅವರಿಂದಲೇ ನುಡಿಸಿ, ಬರೀ ಕೈಗಳನ್ನಷ್ಟೇ ವಿಡಿಯೊ ಮಾಡಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ನಿಶಾಳ ಪದ್ಧತಿ. ವಾದ್ಯ ಸರಿ ಇದೆ ಅಂತ ಗಿರಾಕಿಗೆ ಗೊತ್ತಾಗಬೇಕಲ್ಲ. ನಾನು ಅದನ್ನು ಒಂದೂ ಬಿಡದೆ ನೋಡುವವ. ನಿನ್ನೆ ಬಂದ ವಿಡಿಯೊದಲ್ಲಿ ಒಂದು ಬಲಗೈ ಕೀಬೋರ್ಡಿನ ಮೇಲೆ ಓಡಿದ ರೀತಿ ನೋಡಿ ನನಗೆ ರೋಮಾಂಚನವಾಯಿತು. "ನೋಡೇ ಮಾರಾಯ್ತಿ, ಎಂಥ ಕೈ!" ಎಂದು ದಮಯಂತಿಯ ಮೂಗಿನ ಹತ್ತಿರ ಹಿಡಿದೆ.

"ಬಲಗೈ ಎಲ್ಲರೂ ನೋಡ್ತಾರೆ. ಎಡಗೈ ನೋಡಿ," ಎಂದಳು.

ಎಡಗೈ ಬೆರಳೊತ್ತುವ ಮನೆಗಳ ಮೇಲೆ ಇರಲೇ ಇಲ್ಲ. ಕೀಬೋರ್ಡಿನ ಹಿಂದೆ ಹೋಗಿ ಏನನ್ನೋ ತಡಕಾಡುತ್ತಿತ್ತು. "ಸೊಳ್ಳೆ ಇರಬೇಕು," ಎಂದೆ.

"ಹ್ಞೂಂ, ಸೊಳ್ಳೆ," ಎಂದವಳು ಅದೇ ವಿಡಿಯೊವನ್ನು ಮತ್ತೆ ಮತ್ತೆ ನೋಡಿದಳು. ಆಮೇಲೆ ಒಂದು ಮಾತು ಕೇಳಿದಳು: "ನೀವು ಇದನ್ನು ನೋಡಿದಿರಿ. ಇಂಥದ್ದೇ ಕೀಬೋರ್ಡು ಕಳೆದುಕೊಂಡ ನಿತೇಶ ಯಾಕೆ ನೋಡಿಲ್ಲ? ನೋಡಿದ್ರೆ ಯಾಕೆ ಓಡಿ ಬಂದಿಲ್ಲ?"

ಪುರುಸೊತ್ತು ಇರಲಿಕ್ಕಿಲ್ಲ ಎಂದೆ. ನನ್ನ ಉತ್ತರಗಳಿಗೆ ಅವಳು ಬೆಲೆ ಕೊಡುವುದು ನಿಲ್ಲಿಸಿ ಬಹಳ ಕಾಲವಾಯಿತು.

ಆ ಕೀಬೋರ್ಡು ಈಗ ನನ್ನ ಎದುರಿಗೇ ಸ್ಟ್ಯಾಂಡಿನ ಮೇಲಿತ್ತು.

"ಇದು ಅರೇಂಜರ್, ಮಾಮಾ. ನೀವೊಬ್ಬರೇ, ಆದ್ರೆ ಪೂರಾ ಮೇಳ," ಎಂದು ನಿಶಾ ಅದರ ಮುಂದೆ ನಿಂತಳು. "ಎಡಗೈ ಒಡೆಯ. ಅದು ಮೂರು ಮನೆ ಒತ್ತಿ ಹಿಡಿದ್ರೆ ಡೋಲು, ಬೇಸು, ಗಿಟಾರು ಎಲ್ಲ ಅದರ ಹಿಂದೆ ಬರ್ತಾವೆ. ಬಲಗೈಗೆ ಹಾಡು ಮಾತ್ರ."

ಎಡಗೈ ಒತ್ತಿದಳು. ಅಂಗಡಿ ತುಂಬಿಹೋಯಿತು. ಎಡಗೈ ಒಂದಿಷ್ಟು ಸರಿಯಿತು, ಮೇಳ ಪೂರಾ ಅವಳ ಹಿಂದೆಯೇ ಸರಿಯಿತು. ಬಲಗೈ ಶಹನಾಯಿ ನುಡಿಸುತ್ತಿದ್ದದ್ದು ಕ್ಷಣದಲ್ಲಿ ಕೊಳಲಾಯಿತು, ಕೊಳಲು ಮುಗಿಯುವ ಮೊದಲೇ ವಯೊಲಿನ್. ಗುಂಡಿಗಳ ಕಡೆ ಒಮ್ಮೆಯೂ ನೋಡಲಿಲ್ಲ ಪುಣ್ಯಾತ್ಗಿತ್ತಿ. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು.

"ಇಲ್ಲಿ ನಿಂತು ಕೇಳಿದ್ರೆ ಸಾಲದು. ರಸ್ತೆ ಆಚೆ ಹೋಗಿ ಕೇಳಿ," ಎಂದು ನನ್ನನ್ನು ಹೊರಗೆ ಅಟ್ಟಿದಳು. ರಸ್ತೆ ದಾಟಿ, ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಬಸ್ಸು ಹೋದರೂ ಹಾಡಿನ ಎಳೆ ತುಂಡಾಗಲಿಲ್ಲ. ಔಷಧಿ ಅಂಗಡಿಯವನು, "ಮದುವೆ ಎಲ್ಲಿ?" ಎಂದು ಕೇಳಿದ. ನಾನು ನಗುತ್ತಾ ವಾಪಸು ಬಂದೆ.

ಮೂಲೆಯಲ್ಲಿ ಇನ್ನೊಂದು ಜೊತೆ ಸ್ಪೀಕರು ಕಂಡಿತು. ಅಂದವಾಗಿತ್ತು, ಕೆಳಗಿನ ಮೂಲೆಯಲ್ಲಿ ಚಿನ್ನದ ಬಣ್ಣದ ಗೆರೆ.

"ಅದು ಕೇಳ್ವಾ?" ಎಂದೆ.

"ಅದು ಬೇಡ ಮಾಮಾ. ನಿನ್ನೆ ಪೆಟ್ಟಿಗೆಯಿಂದ ತೆಗೆದದ್ದಷ್ಟೇ, ನಾನೇ ಇನ್ನೂ ನೋಡಿಲ್ಲ. ಇದು ನೋಡಿ, ಇದು ಒಳ್ಳೇದು."

ಬೇಡ ಅಂದರೆ ಬೇಕು ಅನ್ನಿಸುವುದು ನನ್ನ ಹುಟ್ಟುಗುಣ. ಭಾರ ಎಷ್ಟಿದೆ ನೋಡೋಣ ಅಂತ ಹಿಡಿಕೆಗೆ ಕೈ ಹಾಕಿ ಎತ್ತಿಯೇಬಿಟ್ಟೆ. ಸೊಂಟ ಕಳಕ್ ಅಂತು. ಇಳಿಸಿ ನೋಡಿದರೆ ಬೆರಳ ತುದಿ ಕೆಂಪು. ಬೆಳಿಗ್ಗೆ ದೇವಸ್ಥಾನದಲ್ಲಿ ಕುಂಕುಮ ಹಚ್ಚಿಕೊಂಡಿದ್ದೆ, ಅದೇ ಇರಬೇಕು ಅಂತ ಕರವಸ್ತ್ರಕ್ಕೆ ಕೈ ಹಾಕಿದೆ.

"ರೀ, ಕೈ ಒರೆಸಬೇಡಿ," ಎಂದಳು ದಮಯಂತಿ ಸ್ಟೂಲಿನಿಂದಲೇ.

"ಯಾಕೆ?"

"ಕರವಸ್ತ್ರ ತೊಳೆಯೋಳು ನಾನು. ಸುಮ್ಮನೆ ಹಾಗೇ ಹಿಡ್ಕೊಳ್ಳಿ."

ಇದ್ದ ಮಾನವೂ ಹೋಯಿತಲ್ಲ ಅಂತ ಕೈಯನ್ನು ಹಾಗೇ ಹಿಡಿದು ನಿಂತೆ. ಹೆಂಡತಿಯ ಮಾತು ಮೀರಿ ಊಟ ಮಾಡಿದ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಅವಳು ಎದ್ದು ಬಂದು ಕೀಬೋರ್ಡಿನ ಮುಂದೆ ನಿಂತಳು. "ಇದು ಸೆಕೆಂಡ್ ಹ್ಯಾಂಡ್ ಅಂದಿ ಅಲ್ದಾ ತಂಗಿ? ಯಾರು ತಂದುಕೊಟ್ಟರು? ಇವರ ದುಡುಕು ನಿಂಗೆ ಗೊತ್ತಿಲ್ಲ, ನಾಳೆ ಎಂತಾದ್ರೂ ಆದ್ರೆ ತಲೆನೋವು ನಂಗೆ."

"ಅದೊಂದು ವಿಚಿತ್ರ ಅಕ್ಕಾ," ಎಂದಳು ನಿಶಾ. "ಯಾರೋ ವಯಸ್ಸಾದವರು. ಮಾಸ್ಕು, ಟೋಪಿ, ಮಾತಿಗೊಮ್ಮೆ ಕೆಮ್ಮು. ಹಾಸಿಗೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದಿದ್ರು. ನಿಮ್ಮದಾ ಅಂದ್ರೆ ಹ್ಞೂಂ ಅಂದ್ರು. ನುಡಿಸಿ ತೋರ್ಸಿ ಅಂದೆ. ಆಮೇಲೆ ಏಳೋದೇ ಇಲ್ಲ ಅವರು! ನಾನು ಚಾ ಕುಡಿದು ಬಂದೆ, ಇನ್ನೂ ನುಡಿಸ್ತಾ ಇದ್ರು. ಕಡೆಗೆ ಎದ್ದು, 'ಯಾರಾದ್ರೂ ಹುಡುಕಿಕೊಂಡು ಬಂದ್ರೆ ಕೊಟ್ಟುಬಿಡು' ಅಂದು ಹೋದ್ರು."

"ಬೆಲೆ?"

"ಕೇಳಲೇ ಇಲ್ಲ ಅಕ್ಕಾ. ಹೆಸರೂ ಹೇಳಲಿಲ್ಲ. ಹೋಗೋ ಮುಂಚೆ ಅದರ ಮೈ ಒಮ್ಮೆ ಸವರಿದ್ರು, ದನದ ಮೈ ಸವರ್ತಾರಲ್ಲ ಹಾಂಗೆ."

ದಮಯಂತಿ ನನ್ನ ಮುಖ ನೋಡಿದಳು. ಕದ್ದ ಮಾಲು ತಂದವನು ಮೊದಲು ಕೇಳುವುದು ಬೆಲೆ. ಬೆಲೆ ಕೇಳದೆ, ಹೋಗಲಾರದೆ ಹೋಗುವ ಕಳ್ಳ ಎಂಥವನು?

"ಇದರಲ್ಲಿ ಹಿಂದಿನವರು ತುಂಬಿಸಿಟ್ಟ ತಾಳ ಎಂತಾದ್ರೂ ಇದ್ಯಾ ನೋಡು," ಎಂದಳು.

ನಿಶಾ ಯಾವುದೋ ಗುಂಡಿ ಒತ್ತಿದಳು. ಪೆಟ್ಟಿಗೆಯೊಳಗಿಂದ ಗುಮಟೆ ಬಾರಿಸಿತು.

ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ನಮ್ಮ ಗುಮಟೆ. ಅದೇ ಗುಂಗು, ಅಂಗೈ ಆಚೆ ಬದಿಯ ಬಾಯಿ ಮುಚ್ಚಿ ಬಿಡುವಾಗ ಬರುವ ಅದೇ ಬುಂಯ್. ಗಾಜಿನ ಬಾಗಿಲು ನಡುಗಿತು. ನಾಗಮ್ಮ ಅವತ್ತು ಜಗುಲಿಯಲ್ಲಿ ಹೇಳಿದ್ದಳು: "ನನ್ ಮಗ ಕಳ್ಳ ಅಲ್ಲ ಅಮ್ಮಾ. ಆ ಪೆಟ್ಟಿಗೆ ಒಳಗೆ ಇರೋದೇ ಅಂವನ ಗುಮಟೆ. ಆ ಸ್ಪೀಕರಿಗೂ ದೇವರಿಗೆ ಇಟ್ಟಂಗೆ ಎಣ್ಣೆಲಿ ಕಲಸಿ ಕುಂಕುಮ ಇಡ್ತ. ಒಡೆಯ ಬೈತಾ ಅಂತ ಕಾಣ್ದಿದ್ದಲ್ಲಿ ಇಡ್ತ. ತನ್ನದೇ ದೇವರನ್ನ ಯಾರಾದ್ರೂ ಕದೀತ್ರಾ?"

ಇದು ನಿತೇಶನ ಕೀಬೋರ್ಡೇ ಅನ್ನುವುದರಲ್ಲಿ ಇನ್ನು ಅನುಮಾನ ಉಳಿಯಲಿಲ್ಲ. ತಂದವನು ಯಾರು?

ಆಗ ಬಾಗಿಲು ತೆರೆದು ಹರಿಶ್ಚಂದ್ರ ಮಾಸ್ತರು ಒಳಗೆ ಬಂದರು.

ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕೈಯಲ್ಲಿ ಕೊಡೆ. ಅಂಕೋಲೆಯ ಭಜನಾ ಮಂಡಳಿಯ ಹಾರ್ಮೋನಿಯಂ ಅಂದರೆ ಇವರು. ಶಾಲೆಯಲ್ಲಿ ದಮಯಂತಿಗೂ ಕಲಿಸಿದವರು, ಬೀರಾನಿಗೆ ಭಜನೆ ಹೇಳಿಕೊಟ್ಟವರು. ನಾಗಮ್ಮನನ್ನು ನಮ್ಮ ಮನೆಗೆ ಕರೆದುಕೊಂಡು ಬಂದವರೂ ಇವರೇ. ಇವತ್ತು ಇಲ್ಲಿಗೆ ಬನ್ನಿ ಅಂತ ಬೆಳಿಗ್ಗೆ ಫೋನು ಮಾಡಿ ಕರೆದದ್ದು ದಮಯಂತಿ.

"ಎಂತಕ್ಕೆ ಕರೆಸಿದೆ ದಮಯಂತಿ? ಬೀರಾನ ಸುದ್ದಿ ಎಂತಾದ್ರೂ ಬಂತಾ?" ಎಂದರು. ಕಣ್ಣ ಕೆಳಗೆ ಕಪ್ಪಾಗಿತ್ತು, ಮನುಷ್ಯ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಬರ್ತದೆ ಮಾಸ್ತರ್ರೆ, ಕೂತ್ಕೊಳ್ಳಿ. ನಮ್ಮ ಇವರಿಗೆ ಕೀಬೋರ್ಡು ಬೇಕಂತೆ. ಇದರಲ್ಲಿ ಹಾರ್ಮೋನಿಯಮ್ಮಿನ ದನಿ ಇದೆ ಅಂತಾಳೆ ಈ ಹುಡುಗಿ. ಅದು ಹೌದೋ ಅಲ್ಲೋ ಹೇಳೋರು ಬೇಕು."

ಮಾಸ್ತರು ಕೀಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. "ಗಾಳಿ ಇಲ್ಲದ್ದು ವಾದ್ಯ ಅಲ್ಲ ಅಂತ ಎಷ್ಟು ಸಲ ಹೇಳಿದ್ದೇನೆ. ಉಸಿರಿಲ್ಲದ ಕರೆಂಟಿನ ಪೆಟ್ಟಿಗೆ ಅದು. ನಾನು ಮುಟ್ಟೋದಿಲ್ಲ."

ಈ ಮಾತು ಅವರು ಅಂಕೋಲೆಯ ಪ್ರತಿ ಸಭೆಯಲ್ಲಿ ಹೇಳುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಾನೂ ತಟ್ಟಿದ್ದೇನೆ.

"ಮುಟ್ಟಬೇಡಿ ಮಾಸ್ತರ್ರೆ. ನಿಶಾ, ನೀನೇ ನುಡಿಸು, ಅವರು ಕೇಳ್ತಾರೆ," ಎಂದಳು ದಮಯಂತಿ.

ನಿಶಾ ಹಾರ್ಮೋನಿಯಮ್ಮಿನ ದನಿ ಹಚ್ಚಿ ಒಂದು 'ಜಯಮಂಗಳ' ತೆಗೆದಳು. ಚೆನ್ನಾಗಿಯೇ ನುಡಿಸಿದಳು. ಆದರೆ ಮಾಸ್ತರ ಮುಖ ನೋಡಬೇಕಿತ್ತು. ಮೊದಲು ಹುಬ್ಬು ಗಂಟಾಯಿತು. ಆಮೇಲೆ ತೊಡೆಯ ಮೇಲೆ ಬೆರಳು ಆಡತೊಡಗಿದವು. ನಿಶಾ ಎರಡನೆಯ ಸಾಲಿಗೆ ಬರುವಾಗ ಕೊಡೆ ಗೋಡೆಗೆ ಒರಗಿತ್ತು.

"ಅಲ್ಲ ಮಗಾ, ಅಲ್ಲ ಅಲ್ಲ. ಹಾಗೆ ಹಾರಬಾರದು. ಈ ಸ್ವರ ಬಿಡೋ ಮುಂಚೆ ಆ ಸ್ವರ ಹಿಡೀಬೇಕು... ಸರ್ಕೊ, ಸರ್ಕೊ ಒಂಚೂರು."

ನಿಶಾ ಸರಿದಳು. ಮಾಸ್ತರು ಕೂತರು. ಗುಂಡಿಗಳ ಕಾಡಿನೊಳಗೆ ಅವರ ಹೆಬ್ಬೆರಳು ಸೀದಾ ಹೋಗಿ ತಾಳದ ಗುಂಡಿ ಒತ್ತಿತು. ಬೀರಾನ ಗುಮಟೆ ಶುರುವಾಯಿತು. ನಾನಾದರೆ ಆ ಗುಂಡಿಯನ್ನು ಕನ್ನಡಕ ಹಾಕಿ ಹುಡುಕಬೇಕಿತ್ತು!

ಆಮೇಲೆ ಅವರು ನುಡಿಸಿದ್ದನ್ನು ಹೇಗೆ ಹೇಳಲಿ? ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಒಂದೇ ಒಂದು ಬಲಗೈ. ಗುಮಟೆಯನ್ನು ಮುಂದೆ ಬಿಟ್ಟು ಅದರ ಹಿಂದೆ ನಡೆದರು, ಆಮೇಲೆ ಅದನ್ನು ದಾಟಿ ಮುಂದೆ ಹೋಗಿ ಕಾದು ನಿಂತರು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದು ಯಾಕೆ? ನಿಶಾ ಅಭ್ಯಾಸ ಬಲದಿಂದ ಫೋನು ತೆಗೆದು ಅವರ ಕೈಗಳ ವಿಡಿಯೊ ಮಾಡತೊಡಗಿದಳು. ನಡುವೆಯೇ ಅವಳ ಫೋನು ಕೆಳಗಿಳಿಯಿತು.

"ಅಕ್ಕಾ," ಎಂದಳು ಸಣ್ಣ ದನಿಯಲ್ಲಿ. "ಇದೇ ಕೈ."

ನಾನು ಎಡಗೈ ನೋಡಿದೆ. ಅದು ಕೀಬೋರ್ಡಿನ ಹಿಂದೆ ಹೋಗಿತ್ತು. ಹಾರ್ಮೋನಿಯಮ್ಮಿಗೆ ಗಾಳಿ ಹಾಕುವ, ಅಲ್ಲಿ ಇಲ್ಲವೇ ಇಲ್ಲದ ತಿದಿಯನ್ನು ಒತ್ತುತ್ತಿತ್ತು. ಬೇಗ ಬೇಗ ಎರಡು ಒತ್ತು, ಆಮೇಲೆ ಬಿಡುವು. ಮತ್ತೆ ಎರಡು ಒತ್ತು, ಬಿಡುವು. ಮಂಡಳಿಯ ಹಳೇ ಹಾರ್ಮೋನಿಯಮ್ಮಿನ ತಿದಿ ಹರಿದು ಯಾವುದೋ ಕಾಲವಾಯಿತು. ಒಂದೇ ಒತ್ತಿಗೆ ಗಾಳಿ ನಿಲ್ಲುವುದಿಲ್ಲ. ರಿಪೇರಿಗೆ ಕೊಡಲಿಕ್ಕೂ, ಬೇರೆಯವರಿಗೆ ಮುಟ್ಟಲಿಕ್ಕೂ ಮಾಸ್ತರು ಬಿಡುವುದಿಲ್ಲ. ಎರಡೆರಡು ಸಲ ಒತ್ತಿ ನುಡಿಸುವ ಎಡಗೈ ಈ ಜಿಲ್ಲೆಯಲ್ಲಿ ಒಂದೇ.

ಭಜನೆಯಲ್ಲಿ ಎಷ್ಟು ವರ್ಷ ಅವರ ಪಕ್ಕ ಕೂತು ತಾಳ ಹಾಕಿದ್ದೇನೆ ನಾನು! ಸೊಳ್ಳೆಯಂತೆ, ಸೊಳ್ಳೆ. ಒಂದು ವಿಡಿಯೊದಲ್ಲಿ ಅದನ್ನು ಹಿಡಿದವಳು ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಅವಳ ಸೋಜಿಗ ಮುಗಿದಿಲ್ಲ.

"ಮಾಸ್ತರ್ರೆ," ಎಂದಳು ದಮಯಂತಿ. ದನಿ ಮೆತ್ತಗಿತ್ತು. "ಎಡಗೈಯಲ್ಲಿ ಎಂತ ಮಾಡ್ತಿದ್ರಿ?"

ಮಾಸ್ತರು ತಮ್ಮ ಕೈಯನ್ನು ತಾವೇ ನೋಡಿದರು. ಅದು ಗಾಳಿಯಲ್ಲಿ ನಿಂತಿತ್ತು. ಬಲಗೈಯೂ ನಿಂತಿತು. ಬೀರಾನ ಗುಮಟೆ ಮಾತ್ರ ತನ್ನ ಪಾಡಿಗೆ ತಾನು ಬಾರಿಸುತ್ತಿತ್ತು. ನಿಶಾ ಅದರ ದನಿ ತಗ್ಗಿಸಿದಳು, ನಿಲ್ಲಿಸಲಿಲ್ಲ.

"ಮಾಸ್ಕು ಹಾಕಿ, ಕೆಮ್ಮಿಕೊಂಡು, ಇಲ್ಲಿಗೆ ತಂದು ಬಿಟ್ಟವರು ನೀವೇ ಅಲ್ದಾ?"

"ನಾನು ಕದ್ದಿಲ್ಲ ದಮಯಂತಿ."

"ಕದ್ದವರು ಬೆಲೆ ಕೇಳ್ತಾರೆ. ನೀವು ಕದ್ದಿಲ್ಲ ಅಂತ ನಂಗೂ ಗೊತ್ತು. ನಿಮ್ಮ ಕೈಗೆ ಹೇಗೆ ಬಂತು?"

ಮಾಸ್ತರು ಕೀಬೋರ್ಡಿನ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು.

"ಒಂದು ಪ್ರೋಗ್ರಾಮಿನಲ್ಲಿ ಸ್ಟೇಜಿನ ಹಿಂದೆ ನಿಂತು ಇದರ ದನಿ ಕೇಳ್ತಿದ್ದೆ. ಮರುಳಾಗಿ ಹೋದೆ ಅನ್ನು. ಬೀರಾ ನೋಡಿಬಿಟ್ಟ. 'ಮಾಸ್ತರ್ರೆ, ಒಂದು ಸಲ ನುಡಿಸಿ ನೋಡ್ತ್ರಾ? ಸಂಜೆಗೆ ಮನೆಗೆ ತಂದುಕೊಡ್ತೆ, ಬೆಳಿಗ್ಗೆ ತಗೊಂಡು ಹೋಗಿ ಇಟ್ಟುಬಿಡ್ತೆ, ಯಾರಿಗೂ ಗೊತ್ತಾಗೋದಿಲ್ಲ' ಅಂದ. ನಾನು... ಹ್ಞೂಂ ಅಂದೆ."

"ಅವನು ಯಾಕೆ ಬಾಯಿ ಬಿಡ್ತಿಲ್ಲ?"

"ಆಣೆ ಹಾಕ್ಸಿದ್ದೆ. ಅಂವನ ಗುಮಟೆ ಮುಟ್ಸಿ ಆಣೆ ಹಾಕ್ಸಿದ್ದೆ, ಯಾರಿಗೂ ಹೇಳ್ಬೇಡ ಅಂತ. ಗುಮಟೆ ಮೇಲೆ ಹಾಕಿದ ಆಣೆ ಬೀರಾ ಜೀವ ಹೋದ್ರೂ ಮುರಿಯೋದಿಲ್ಲ. ಬೆಳಿಗ್ಗೆ ಅಂವ ಬರಲಿಲ್ಲ. ಪೊಲೀಸರು ಅಂವನ ಮನೆಗೆ ಬಂದಿದ್ರು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ ಇದು. ಆದರೆ ಪೆಟ್ಟು ಬಿದ್ದದ್ದು ಹಾಲು ತಂದುಕೊಟ್ಟವನ ಬೆನ್ನಿಗೆ.

ದಮಯಂತಿಯ ಮೂಗಿನ ತುದಿ ಕೆಂಪಾಯಿತು. ಅದು ಕೆಂಪಾದರೆ ನಾನು ಮನೆಯಲ್ಲಿ ಬಚ್ಚಲಿಗೆ ಹೋಗಿ ಕೂರುತ್ತೇನೆ.

"ನೀವೇ ಹೋಗಿ ಒಂದು ಮಾತು ಹೇಳಬಹುದಿತ್ತಲ್ಲ ಮಾಸ್ತರ್ರೆ. ಅದು ಬಿಟ್ಟು ಅವನ ತಾಯಿಯನ್ನು ನನ್ನ ಮನೆಗೆ ಅಳಲಿಕ್ಕೆ ಕರೆದುಕೊಂಡು ಬಂದಿರಿ."

"ಎಂತ ಅಂತ ಹೇಳ್ಲಿ? ಜೀವನಪೂರ್ತಿ ಬೈದ ಪೆಟ್ಟಿಗೆಗೆ ಮರುಳಾದೆ ಅಂತ್ಲಾ? ಊರು ನಗ್ತಿತ್ತು. ನೀನು ಕಂಡುಹಿಡಿದ್ರೆ ಸಾಕು, ನಾನು ಹೇಳೋದು ತಪ್ತದೆ ಅಂತ..."

"ಊರು ನಗ್ತದೆ ಅಂತ ಆ ಹುಡುಗನ ಅನ್ನ ಕಸಿದ್ರೆ ಆಗ್ತದಾ? ಸತ್ಯ ಹೇಳ್ಬೇಕು ಅಂತ ನನಗೆ ಕಲಿಸಿದವರು ನೀವೇ."

ಹಾಗೆ ಗುರುವಿಗೆ ಎದುರು ನಿಂತು ಹೇಳುವುದು ಅವಳಿಗೂ ಸುಲಭವಾಗಿರಲಿಲ್ಲ.

ಮಾಸ್ತರು ತಲೆ ತಗ್ಗಿಸಿ ಕೂತರು. ಆಮೇಲೆ ಎದ್ದರು. ಜುಬ್ಬಾ ಸರಿ ಮಾಡಿಕೊಂಡರು, ಕೊಡೆ ತಗೊಂಡರು. ಮುಖದಲ್ಲಿ ಏನೋ ಹಗುರಾದ ಹಾಗಿತ್ತು.

"ನಡಿ. ಠಾಣೆಗೆ ಹೋಗ್ವಾ. ಬೀರಾನ ಎದುರಿಗೇ ಹೇಳ್ತೆ, ನಿತೇಶನ ಎದುರಿಗೂ ಹೇಳ್ತೆ. ನಗೋರು ನಗಲಿ. ಆಣೆ ಹಾಕಿಸಿದವ ನಾನು, ಬಿಡಿಸೋನೂ ನಾನೇ."

ನನಗೆ ಅವರ ಕಾಲಿಗೆ ಬೀಳುವ ಹಾಗಾಯಿತು. ಆ ವಯಸ್ಸಿನಲ್ಲಿ, ಆ ಹೆಸರಿಟ್ಟುಕೊಂಡು, ಹಾಗೆ ಎದ್ದು ನಿಲ್ಲಲು ಗಟ್ಟಿ ಎದೆ ಬೇಕು. ಬೀರಾ ಉಳಿದ! ನಾನು ಸ್ಕೂಟರಿನ ಕೀ ತೆಗೆದೇಬಿಟ್ಟೆ.

ದಮಯಂತಿ ಕದಲಲಿಲ್ಲ.

"ಸ್ಪೀಕರು ಎಲ್ಲಿ ಮಾಸ್ತರ್ರೆ?"

"ಯಾವ ಸ್ಪೀಕರು?"

"ನಿತೇಶನ ದೂರಿನಲ್ಲಿ ಕೀಬೋರ್ಡಿನ ಜೊತೆ ಒಂದು ಜೊತೆ ಸ್ಪೀಕರೂ ಇದೆ."

"ಬೀರಾ ತಂದದ್ದು ಇದೊಂದೇ. ತನ್ನ ಸ್ಕೂಟಿಯಲ್ಲಿ, ಬೆಡ್‌ಶೀಟಿನಲ್ಲಿ ಸುತ್ತಿಕೊಂಡು. ದೇವರಾಣೆ, ಸ್ಪೀಕರು ನಾನು ಕಂಡೇ ಇಲ್ಲ."

ನನ್ನ ಕೀ ಕಿಸೆಗೆ ವಾಪಸು ಹೋಯಿತು. ಕೀಬೋರ್ಡು ಎರವಲು ಅಂತ ಮಾಸ್ತರು ಹೇಳಿದರೆ ಠಾಣೆಯವರು ನಂಬಬಹುದು. ಸ್ಪೀಕರಿಗೆ ಎರವಲಿನ ಕತೆ ಇಲ್ಲ. ಕೋಣೆ ತೆರೆದವನು ಬೀರಾ, ಕೀಬೋರ್ಡು ತೆಗೆದವನು ಬೀರಾ ಅಂತ ಈಗ ಮಾಸ್ತರ ಬಾಯಿಂದಲೇ ಗಟ್ಟಿಯಾಗುತ್ತದೆ. ಅವನನ್ನು ಬಿಡಿಸಲು ಹೋದ ಮಾತೇ ಅವನ ಕುತ್ತಿಗೆಗೆ ಉರುಳಾಗುತ್ತದೆ.

"ರೀ, ಕೈ ತೋರಿಸಿ," ಎಂದಳು ದಮಯಂತಿ.

ನಾನು ಇನ್ನೂ ಪೆದ್ದನ ಹಾಗೆ ಕೈಯನ್ನು ಹಾಗೇ ಹಿಡಿದಿದ್ದೆ. ಅವಳು ನನ್ನ ಬೆರಳುಗಳನ್ನು ಬೆಳಕಿಗೆ ತಿರುಗಿಸಿದಳು. ಮೂಸಿದಳು. ನಾನೂ ಮೂಸಿದೆ. ಕೊಬ್ಬರಿ ಎಣ್ಣೆ.

ದೇವಸ್ಥಾನದ ಕುಂಕುಮಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ನಾಗಮ್ಮನ ಮಾತು ಕಿವಿಯಲ್ಲಿ ಬಂದು ಕೂತಿತು. ಎಣ್ಣೆಲಿ ಕಲಸಿ ಕುಂಕುಮ ಇಡ್ತ. ಒಡೆಯ ಬೈತಾ ಅಂತ ಕಾಣ್ದಿದ್ದಲ್ಲಿ ಇಡ್ತ.

ದಮಯಂತಿ ಮೂಲೆಗೆ ಹೋಗಿ, ಚಿನ್ನದ ಗೆರೆಯ ಸ್ಪೀಕರನ್ನು ಮಗುವನ್ನು ಒರಗಿಸುವ ಹಾಗೆ ಒರಗಿಸಿ, ಫೋನಿನ ಬೆಳಕನ್ನು ಹಿಡಿಕೆಯ ಒಳಗೆ ಬಿಟ್ಟಳು. ಬಗ್ಗಿ ನೋಡಿದೆ. ಮೂರು ಬೊಟ್ಟುಗಳು, ಒಂದರ ಪಕ್ಕ ಒಂದು. ನಡುವಿನದು ನನ್ನ ಬೆರಳು ತಾಗಿ ಅಳಿಸಿತ್ತು.

"ನಿನ್ನೆ ಪೆಟ್ಟಿಗೆಯಿಂದ ತೆಗೆದದ್ದು ಅಂದಿ ಅಲ್ದಾ ತಂಗಿ?" ಎಂದಳು. "ಪೆಟ್ಟಿಗೆಯೊಳಗೆ ಬರುವಾಗಲೇ ಪೂಜೆ ಮಾಡಿ ಕಳಿಸ್ತಾರಾ?"

ನಿಶಾಳ ಮುಖ ಬಿಳುಚಿತು. ಬೆಳಿಗ್ಗೆಯಿಂದ ಒಂದು ಕ್ಷಣ ಸುಮ್ಮನಿರದ ಆ ಎರಡು ಕೈಗಳು ಈಗ ಒಂದನ್ನೊಂದು ಹಿಡಿದುಕೊಂಡಿದ್ದವು. ಇಂಥ ಹುಡುಗಿ ಸುಳ್ಳು ಹೇಳಿದಳಲ್ಲ!

"ಹೊಸದು ಅಂತಲೇ ಮಾರು, ಯಾರ ಹತ್ತಿರವೂ ಹೇಳ್ಬೇಡ ಅಂದಿದ್ರು ಅಕ್ಕಾ. ನನಗೆ ಮನಸ್ಸಿರಲಿಲ್ಲ, ಅದಕ್ಕೇ ಮಾಮಾಗೆ ಬೇಡ ಅಂದೆ. ಆದ್ರೆ ಕಳ್ಳಮಾಲು ಅಲ್ಲ ಅದು."

"ಅಂಕೋಲೆಯ ಕೋಣೆಯಿಂದ ಕಳವಾದದ್ದು ಅಂತ ದೂರು ಇದೆ. ಮೊನ್ನೆ ಸಂಜೆ, ಬೀರಾ ಕೀಬೋರ್ಡು ಒಯ್ದಾಗಲೇ ಹೋಯ್ತಂತೆ."

"ಮೊನ್ನೆ ಸಂಜೆಯಾ? ಅಲ್ಲ ಅಕ್ಕಾ." ನಿಶಾ ತಲೆ ಆಡಿಸಿದಳು. "ಇವು ಅದರ ಹಿಂದಿನ ದಿನವೇ ನನ್ನ ಅಂಗಡಿಗೆ ಬಂದಾಗಿತ್ತು."

ಮಾಸ್ತರು ಮತ್ತೆ ಕೂತುಬಿಟ್ಟರು. ಕಳವಾಗುವ ಮೊದಲೇ ಇಲ್ಲಿಗೆ ಬಂದು ಕೂತ ಸ್ಪೀಕರು!

"ಯಾರು ತಂದರು?" ಎಂದಳು ದಮಯಂತಿ.

ನಿಶಾ ನನ್ನ ಹೆಗಲ ಮೇಲಿಂದ ಗಾಜಿನ ಬಾಗಿಲಿನ ಆಚೆ ನೋಡಿದಳು. ಹೊರಗೆ ಒಂದು ಬಿಳಿ ಓಮ್ನಿ ಬಂದು ನಿಂತಿತ್ತು. ಅದರ ಮೈಮೇಲೆ ಆರ್ಕೆಸ್ಟ್ರಾದ ಹೆಸರು ದೊಡ್ಡದಾಗಿ ಬರೆದಿತ್ತು.

ದಮಯಂತಿ ಮಾಸ್ತರ ಹೆಗಲ ಮೇಲೆ ಕೈ ಇಟ್ಟು ಕೂತಿರಿ ಎಂದಳು. ನಿಶಾಳಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನಿಶಾ ಗುಮಟೆಯ ದನಿ ಏರಿಸಿದಳು.

ಬಾಗಿಲು ತಳ್ಳುತ್ತಲೇ ನಿತೇಶ ಕೇಳಿದ:

"ನಿಶಾ, ನಾನು ಇಟ್ಟು ಹೋದ ಆ ಜೊತೆ ಸ್ಪೀಕರು ಮಾರಿಹೋಯ್ತಾ?"

ಹೊಸ್ತಿಲಲ್ಲೇ ಅವನ ಕಾಲು ನಿಂತಿತು. ಬೀರಾನ ಗುಮಟೆ ಅವನಿಗೂ ಕೇಳಿಸಿತ್ತು.